ಲ್ಯಾಮಿಂಗ್ಟನ್ ರೋಡಿನ ಮಾಲು ಕಪಾಟಿನಲ್ಲೇ ಉಳಿಯುವುದು ಯಾಕೆ

ಮುಂಬೈಯ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಬರುವ ಗಿರಾಕಿ ಒಂದೇ ಮದರ್‌ಬೋರ್ಡಿಗೆ ನಾಲ್ಕು ಅಂಗಡಿಯಲ್ಲಿ ದರ ಕೇಳುತ್ತಾನೆ. ಆನ್‌ಲೈನ್ ದರ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ನೂರಿನ್ನೂರು ರೂಪಾಯಿಗೆ ವ್ಯಾಪಾರ ಕೈತಪ್ಪುವಾಗ ಮಾರ್ಜಿನ್ ಎಲ್ಲಿಂದ ಬರಬೇಕು? ಆದರೂ ಪೈಪೋಟಿಯನ್ನು ತಡೆದುಕೊಳ್ಳಬಹುದು. ದೊಂಬಿವಲಿ, ಮೀರಾ ರೋಡಿನ ಸಣ್ಣ ಅಂಗಡಿಗೆ ಇಲ್ಲಿಂದ ಮಾಲು ಒಯ್ಯುವ ನಮ್ಮವರಿಗೆ ಹೆಚ್ಚು ಪೆಟ್ಟು ಬೀಳುವುದು, ಸ್ಟ್ಯಾಂಡರ್ಡ್ (ಎಲ್ಲ ಕಂಪನಿಯೂ ಪಾಲಿಸುವ ತಾಂತ್ರಿಕ ಮಾದರಿ) ಯಾವುದೆಂದು ಇತ್ಯರ್ಥವಾಗದ ಕಾಲದಲ್ಲಿ.

1997ರಲ್ಲಿ ಫೋನ್ ಲೈನಿನಲ್ಲಿ ಇಂಟರ್ನೆಟ್ ಕೊಡುವ 56ಕೆ ಮೋಡೆಮ್ ಬಂದಾಗ ಯುಎಸ್ ರೋಬೋಟಿಕ್ಸ್‌ನ ಎಕ್ಸ್2 ಒಂದು ಕಡೆ, ರಾಕ್‌ವೆಲ್ ಮತ್ತು ಲೂಸೆಂಟ್‌ನ ಕೆ56ಫ್ಲೆಕ್ಸ್ ಇನ್ನೊಂದು ಕಡೆ. ಗಿರಾಕಿಯ ಮೋಡೆಮ್ ಒಂದು ಬಣದ್ದು, ಇಂಟರ್ನೆಟ್ ಕೊಡುವವರದು ಇನ್ನೊಂದು ಬಣದ್ದಾದರೆ ವೇಗ 56ರಿಂದ 33.6 ಕೆಬಿಪಿಎಸ್‌ಗೆ ಇಳಿಯುತ್ತಿತ್ತು. ದುಡ್ಡಿದ್ದವರೂ ‘ಇನ್ನೂ ಸ್ವಲ್ಪ ನೋಡೋಣ’ ಎನ್ನಲು ಅಷ್ಟು ಸಾಕು. 1998ರಲ್ಲಿ ಇಬ್ಬರಿಗೂ ಒಂದೇ ಸ್ಟ್ಯಾಂಡರ್ಡ್ ಆದ ವಿ.90 ಬಂದ ಮೇಲೇ ಗೊಂದಲ ತಿಳಿಯಾದದ್ದು. 802.11ಎನ್ ವೈಫೈಯಲ್ಲಿ ಕಂಪನಿಗಳು ಜಾಣತನ ಮಾಡಿದವು: ಅಂತಿಮ ಸ್ಟ್ಯಾಂಡರ್ಡ್ 2009ರಲ್ಲಿ ಬಂದರೂ, 2007ರಿಂದಲೇ ಅದರ ಡ್ರಾಫ್ಟ್ ಮೇಲೆ ಸರ್ಟಿಫಿಕೇಟ್ ಪಡೆದು ರೂಟರ್ ಮಾರಿದವು.

ಈಗಿನ ತಲೆನೋವು ಎಲ್‌ಜಿಎ1700 ಸಾಕೆಟ್ಟಿನ ಮದರ್‌ಬೋರ್ಡು. ಇಂಟೆಲ್‌ನ 12ರಿಂದ 14ನೇ ಪೀಳಿಗೆಯ ಪ್ರೊಸೆಸರ್ ಹಳೆಯ ಡಿಡಿಆರ್4, ಹೊಸ ಡಿಡಿಆರ್5 ಎರಡೂ ಬಗೆಯ ರ‍್ಯಾಮ್‌ಗೆ (ಮೆಮೊರಿಗೆ) ಸೈ; ಬೋರ್ಡು ಸಾಮಾನ್ಯವಾಗಿ ಒಂದಕ್ಕೆ ಮಾತ್ರ. ಎರಡೂ ರ‍್ಯಾಮ್‌ಗೆ 288 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ (ಡಿಡಿಆರ್4ಗೆ 1.2, ಡಿಡಿಆರ್5ಗೆ 1.1). ಬಲವಂತವಾಗಿ ಒತ್ತಿದರೆ ಸ್ಲಾಟ್ ಮುರಿಯಬಹುದು. ಬೋರ್ಡಿನ ಹೆಸರಿನ ಕೊನೆಯಲ್ಲಿ ‘ಡಿ4’ (ಡಿಡಿಆರ್4ರ ಗುರುತು) ಇದೆಯೇ ಎಂದು ಬಿಲ್ ಮಾಡುವ ಮೊದಲೇ ನೋಡಿ; ಎಲ್ಲ ಕಂಪನಿಯೂ ಹಾಗೆ ಬರೆಯುವುದಿಲ್ಲ, ಅನುಮಾನವಿದ್ದರೆ ಪೆಟ್ಟಿಗೆಯ ಮೇಲಿನ ವಿವರ ಓದಿ. ಎಎಂಡಿ ಪ್ರೊಸೆಸರಿನ ಎಎಂ5 ಬೋರ್ಡಿನಲ್ಲಿ ಈ ರಗಳೆಯಿಲ್ಲ, ಬರೀ ಡಿಡಿಆರ್5.

ಹಳೆಯದು ಅಗ್ಗವಾಗುತ್ತದೆ ಎಂಬ ಲೆಕ್ಕವೂ ತಪ್ಪಬಹುದು. ತಯಾರಕರು ಉತ್ಪಾದನೆ ಇಳಿಸಿದ್ದರಿಂದ 2025ರಲ್ಲಿ ಡಿಡಿಆರ್4 ದರವೇ ಏರಿತು.

ಬೋರ್ಡಿನ ಮೇಲೇ ಕೂರಿಸುವ ಎಂ.2 ಎಸ್‌ಎಸ್‌ಡಿ (ಡೇಟಾ ಇಡುವ ಡ್ರೈವ್) ವಾಪಸ್ ಬರುವುದು ಹೆಚ್ಚಾಗಿ ಕೆಟ್ಟದ್ದಕ್ಕಲ್ಲ. ವೇಗದ ಎನ್‌ವಿಎಂಇ ಬಗೆಯನ್ನು ಮಾತ್ರ ಓದುವ ಸ್ಲಾಟಿಗೆ ಹಳೆಯ ಸಾಟಾ ಬಗೆಯ ಎಂ.2 ಹಾಕಿರುತ್ತಾರೆ, ಕೂರುತ್ತದೆ, ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಎರಡು ಕಚ್ಚಿದ್ದರೆ ಸಾಮಾನ್ಯವಾಗಿ ಸಾಟಾ, ಆದರೆ ಕೆಲವು ಎನ್‌ವಿಎಂಇಗೂ ಎರಡಿರುತ್ತವೆ; ಲೇಬಲ್ಲೇ ಗತಿ. ಯುಎಸ್‌ಬಿ ಟೈಪ್-ಸಿ ಕೇಬಲ್ಲಂತೂ ಕೇಳಬೇಡಿ: ಒಂದೇ ರೂಪ, ಒಳಗೆ 480 ಎಂಬಿಪಿಎಸ್ಸೂ ಇರಬಹುದು, 40 ಜಿಬಿಪಿಎಸ್ಸೂ ಇರಬಹುದು.

ಅದಕ್ಕೇ ಕ್ಯಾಬಿನೆಟ್, ಕೀಬೋರ್ಡ್, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಧೈರ್ಯವಾಗಿ ತುಂಬಿಡಿ, ಪೀಳಿಗೆ ಬದಲಾದರೂ ಹೋಗುತ್ತವೆ. ಬೋರ್ಡು, ರ‍್ಯಾಮ್ ಮಾತ್ರ ಮುಂಗಡ ಹಿಡಿದು, ಆರ್ಡರ್ ಬಂದಷ್ಟೇ ಎತ್ತಿ.