ಅವ್ವನ ಡಬ್ಬಿ ಮತ್ತು ಪರದೇಶದ ಊರುಗಳು

ನಾನು ಎಲ್ಲಿಗೆ ಹೊರಟರೂ ಬ್ಯಾಗಿನಲ್ಲಿ ಅರ್ಧ ಕೆಜಿ ಪೇಡೆ ಇರಲೇಬೇಕು. ಅವ್ವನ ಕಟ್ಟಪ್ಪಣೆ. 'ಪರವೂರಿಗೆ ಖಾಲಿ ಕೈಲೆ ಹೋಗಬಾರದು' ಅಂತಾಳೆ. ಹುಬ್ಬಳ್ಳಿಯಿಂದ ಧಾರವಾಡದ ಲೈನ್ ಬಜಾರಿಗೆ ಹೋಗಿ ಕಟ್ಟಿಸಿಕೊಂಡು ಬರೋದು ನನಗೆ ವೀಸಾದಷ್ಟೇ ಮುಖ್ಯದ ಕೆಲಸ. ಹಾಗೆ ನೋಡಿದರೆ ಪೇಡೆಯೂ ಪರವೂರಿನದೇ ಅಲ್ವಾ? ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ಶುರು ಮಾಡಿದ್ದು.

ಟೋಕಿಯೋಗೆ ಹೋದಾಗ ಪೇಡೆ ರಟ್ಟಿನ ಬಾಕ್ಸಿನಲ್ಲಿತ್ತು. ಶಿಂಜುಕು ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಬಾಗಿಲು. ನನ್ನ ಬಾಗಿಲು ಹುಡುಕುತ್ತಾ, ಹಸಿವಿಗೆ ಕೊನೆಯ ಎರಡು ಪೇಡೆ ಬಾಯಿಗೆ ಹಾಕಿಕೊಂಡೆ. ಈಗ ಖಾಲಿ ಬಾಕ್ಸ್ ಎಲ್ಲಿ ಎಸೆಯೋದು? ಕಣ್ಣಿಗೆ ಒಂದೂ ಕಸದ ಡಬ್ಬಿ ಇಲ್ಲ. 1995ರಲ್ಲಿ ಅಲ್ಲಿನ ಮೆಟ್ರೋದಲ್ಲಿ ಸಾರಿನ್ ವಿಷಾನಿಲದ ದಾಳಿ ನಡೆದ ಮೇಲೆ ಎಷ್ಟೋ ಕಡೆ ಕಸದ ಡಬ್ಬಿಗಳನ್ನೇ ತೆಗೆದುಬಿಟ್ಟರಂತೆ. ಆದರೂ ನೆಲದ ಮೇಲೆ ಒಂದು ಚೂರು ಕಾಗದ ಇಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜ ಚಾಕಲೇಟ್ ತಿಂದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕೋಟಿನ ಕಿಸೆಯಲ್ಲಿಟ್ಟ. ನಾನೂ ಬಾಕ್ಸ್ ಚಪ್ಪಟೆ ಮಾಡಿ ಪ್ಯಾಂಟಿನ ಕಿಸೆಗೆ ತುರುಕಿದೆ. ರಾತ್ರಿ ಹೋಟೆಲ್‌ನಲ್ಲಿ ನೋಡಿದರೆ ಕಿಸೆ ತುಂಬ ಸಕ್ಕರೆ ಪುಡಿ. ಹುಬ್ಬಳ್ಳಿಗೆ ಬಂದ ಮೇಲೂ ನಾಲ್ಕು ದಿನ ಹಾಗೇ ಮಾಡಿದೆ. ಐದನೇ ದಿನ ಮರೆತೆ.

ಈ ಕತೆ ಕೇಳಿದ ಅವ್ವ ಮುಂದಿನ ಸಲದಿಂದ ಸ್ಟೀಲ್ ಡಬ್ಬಿ ಕೊಡೋಕೆ ಶುರು ಮಾಡಿದಳು.

ಪೋರ್ಚುಗಲ್ಲಿನ ಪೋರ್ಟೊದಲ್ಲಿ ಪೇಡೆ ಯಾರಿಗೂ ಕೊಡಲಿಲ್ಲ, ನಾನೇ ತಿಂದೆ. ಊರೆಲ್ಲ ಏರು, ಏರು, ಏರು. ಸಾವೊ ಬೆಂಟೊ ಸ್ಟೇಷನ್ನಿನ ಗೋಡೆಗೆ ಸುಮಾರು 20,000 ನೀಲಿ-ಬಿಳಿ ಟೈಲ್ಸ್ ಹಚ್ಚಿದ್ದಾರೆ. ಕತ್ತು ಎತ್ತಿ ನೋಡುತ್ತಾ ರೈಲು ತಪ್ಪಿಸಿಕೊಂಡೆ. ಬೇಜಾರೇನೂ ಆಗಲಿಲ್ಲ.

ಇಸ್ತಾಂಬುಲ್ ಮಾತ್ರ ಬೇರೆ. ಎಮಿನೋನುವಿನಲ್ಲಿ ದೋಣಿ ಹತ್ತಿದರೆ ಯುರೋಪ್, ಕದಿಕೊಯ್‌ನಲ್ಲಿ ಇಳಿದರೆ ಏಷ್ಯಾ. ನಮ್ಮವರು ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡಿದ ಹಾಗೆ ಅವರು ಎರಡು ಖಂಡಗಳ ನಡುವೆ ಆಫೀಸಿಗೆ ಹೋಗಿ ಬರುತ್ತಾರೆ! ದೋಣಿಯಲ್ಲೊಬ್ಬ ತಟ್ಟೆ ತುಂಬ ಚಹಾ ಹೊತ್ತು ಬಂದ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಕೆಂಪು ಚಹಾ, ಹಾಲಿಲ್ಲ. ಅವರೂ 'ಚಾಯ್' ಅಂತಲೇ ಅನ್ನೋದು. ನಾನು ಡಬ್ಬಿ ತೆರೆದು ಮುಂದೆ ಹಿಡಿದೆ. ಒಂದು ಪೇಡೆ ತಗೊಂಡು ಮೂಸಿ ನೋಡಿ, ಕಚ್ಚಿ, ಹುಬ್ಬೇರಿಸಿ 'ಹೆಲ್ವಾ?' ಅಂದ. ಸುಮ್ನೆ ತಲೆಯಾಡಿಸಿದೆ. ಡಬ್ಬಿ ತಗೊಂಡು ಒಳಗಿದ್ದ ಗೆಳೆಯರಿಗೆ ಹಂಚೋಕೆ ಹೋದ. ಅಷ್ಟರಲ್ಲಿ ದಡ ಬಂತು. ಜನ ನೂಕಿದರು, ನಾನು ಇಳಿದೆ, ದೋಣಿ ಹೊರಟೇಹೋಯಿತು.

ಹುಬ್ಬಳ್ಳಿಗೆ ಬಂದಿಳಿದಾಗ ಅವ್ವನ ಫೋನ್. ನಮ್ಮ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿಗೇ ಉದ್ದದ್ದು. ನನ್ನ ಬೋಗಿ ಆ ತುದಿಗೆ. ಬೈಸಿಕೊಳ್ಳೋಕೆ ಬೇಕಾದಷ್ಟು ಜಾಗ ಇತ್ತು.

'ಅದರ ಮ್ಯಾಲೆ ನನ್ನ ಹೆಸರು ಹಾಕಿಸಿದ್ದೆ. ನಿಮ್ಮಜ್ಜಿ ಕೊಟ್ಟದ್ದು ಅದು.'

ನಾನು ಬ್ಯಾಗ್ ಎಳೆಯುತ್ತಾ ಸುಮ್ಮನೆ ನಡೆದೆ. ಮೇಲ್ಸೇತುವೆ ಹತ್ತಿರ ಬರೋ ಹೊತ್ತಿಗೆ ದನಿ ತಗ್ಗಿತ್ತು.

'ಹೋಗಲಿ ಬಿಡು. ಆ ಚಹಾದಂವ ಪೇಡೆ ಛಲೋ ಅದಾವ ಅಂದ್ನೇನು?'

'ಹಲ್ವಾ ಅಂದ್ಕೊಂಡ ಅವ್ವ.'

ಬೈಗುಳ ಮತ್ತೆ ಶುರುವಾಯಿತು.