ತಪ್ಪು ಮಾಡಿಲ್ಲ ಅಂದ್ಮೇಲೆ ಪೊಲೀಸರ ಮುಂದೆ ಬಾಯಿ ಬಿಡೋಕೇನು ಕಷ್ಟ?

ಮದುವೆ ಮನೆ ಇರಲಿ, ತಿಥಿ ಊಟ ಇರಲಿ, ನಾನು ಕ್ರಿಮಿನಲ್ ಕೇಸು ನಡೆಸೋ ಲಾಯರ್ ಅಂತ ಗೊತ್ತಾದ ಕೂಡಲೇ ಪಕ್ಕದ ಎಲೆಯವರು ಕೇಳೋದು ಇದನ್ನೇ. ಹೋದ ತಿಂಗಳು ಕೇಳಿದ್ದು ನಮ್ಮ ಸೋದರಮಾವ. "ಅಲ್ಲ ಕಣೋ, ತಪ್ಪು ಮಾಡಿಲ್ಲ ಅಂದ್ಮೇಲೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಎದ್ದು ಬರೋಕೇನು? ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ?" ಊಟದ ಪಂಕ್ತಿಯಲ್ಲಿ ವಾದ ಬೇಡ ಅಂತ ನಾನು ಹೋಳಿಗೆ ಕಡೆ ಗಮನ ಕೊಟ್ಟೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಹೆಗಲು ಮುಟ್ಟಿದವನೂ ಕಳ್ಳ, ಮುಟ್ಟದೆ ಸುಮ್ಮನೆ ನಿಂತವನೂ ಏನೋ ಮುಚ್ಚಿಡುತ್ತಿದ್ದಾನೆ. ಆದರೆ ನಾನು ನೋಡಿದ ಮಟ್ಟಿಗೆ ಜನ ಸುಮ್ಮನಿರೋದಕ್ಕೆ ದೊಡ್ಡ ಕಾರಣ ಬೇರೆ. ಠಾಣೆಯಲ್ಲಿ ಕೂತವನಿಗೆ ಎದುರಿನವರ ಫೈಲಿನಲ್ಲಿ ಏನಿದೆ ಅಂತ ಗೊತ್ತಿರೋದಿಲ್ಲ. ಯಾರು ಏನು ಹೇಳಿದ್ದಾರೆ, ಯಾವ ಅಂಗಡಿಯ ಸಿಸಿಟಿವಿ ಸಿಕ್ಕಿದೆ, ತನ್ನನ್ನು ಕರೆದಿರೋದು ಸಾಕ್ಷಿ ಅಂತಲೋ ಆರೋಪಿ ಅಂತಲೋ, ಒಂದೂ ತಿಳಿಯದು. ಅದರ ಮಧ್ಯೆ, "ಹೋದ ಮಂಗಳವಾರದ ಹಿಂದಿನ ಮಂಗಳವಾರ ರಾತ್ರಿ 9 ಗಂಟೆಗೆ ಎಲ್ಲಿದ್ದೆ?" ನೀವೇ ಹೇಳಿ ನೋಡೋಣ.

ನನ್ನ ಒಬ್ಬ ಕಕ್ಷಿದಾರನ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಮಲೆನಾಡಿನ ಕಡೆಯವನು, ಅಡಿಕೆ ಕೊನೆಗಾರ. ಅವನು ಕೊನೆ ಕೊಯ್ಯೋಕೆ ಹೋಗುತ್ತಿದ್ದ ಮನೆಯಿಂದ 6 ಮೂಟೆ ಅಡಿಕೆ ಕಳುವಾಯಿತು. ಠಾಣೆಗೆ ಕರೆಸಿ ಆ ರಾತ್ರಿ ಎಲ್ಲಿದ್ದೆ ಅಂತ ಕೇಳಿದರು. ಮನೇಲೇ ಇದ್ದೆ ಅಂದುಬಿಟ್ಟ. ಇರಲಿಲ್ಲ. ಪಕ್ಕದ ಊರಿನ ತೋಟದಲ್ಲಿ ನಾಲ್ಕು ಜನರ ಜೊತೆ ಅಂದರ್ ಬಾಹರ್ ಆಡುತ್ತಿದ್ದ. ಇಸ್ಪೀಟು ಮುಟ್ಟೋದಿಲ್ಲ ಅಂತ ಧರ್ಮಸ್ಥಳದ ಮಂಜುನಾಥ ಸ್ವಾಮಿ ಮೇಲೆ ಹೆಂಡತಿ ಆಣೆ ಹಾಕಿಸಿದ್ದಳು, ಆ ಹೆಂಡತಿ ಅಲ್ಲೇ ಠಾಣೆಯ ಜಗಲಿಯಲ್ಲಿ ನಿಂತಿದ್ದಳು. ಏನು ಹೇಳಬೇಕಿತ್ತು ಅವನು? ಎರಡು ದಿನಕ್ಕೆ ಮೊಬೈಲ್ ಟವರ್ ಲೊಕೇಶನ್ ಬಂತು, ಮನೆಯಲ್ಲಿ ಇರಲಿಲ್ಲ ಅಂತ ಗೊತ್ತಾಯಿತು. ಅಲ್ಲಿಗೆ ಬೇರೆಯವರ ಕಡೆ ನೋಡೋದು ನಿಂತುಹೋಯಿತು. ನಾನು ಜಾಮೀನು ಅರ್ಜಿ ಹಾಕಿದಾಗ ಎದುರಿನವರ ತಕರಾರಿನಲ್ಲಿ ಮೊದಲ ಸಾಲೇ, ಆರೋಪಿ ಸುಳ್ಳು ಹೇಳಿ ತನಿಖೆಯ ದಾರಿ ತಪ್ಪಿಸಿದ್ದಾನೆ. ಅವತ್ತು ಅವನು ಬಾಯಿ ಮುಚ್ಚಿಕೊಂಡಿದ್ದರೆ ಆ ಸಾಲು ಇರುತ್ತಿರಲಿಲ್ಲ.

ಇನ್ನು ಕೆಲವರು ತಮ್ಮನನ್ನೋ ಮಗನನ್ನೋ ಉಳಿಸೋಕೆ ಸುಮ್ಮನಿರುತ್ತಾರೆ, ಕೆಲವರು ಭಯಕ್ಕೆ. ನಿಜವಾಗಲೂ ತಪ್ಪು ಮಾಡಿ ಸುಮ್ಮನಿರುವವರೂ ಬೇಕಾದಷ್ಟು ಜನ ಇದ್ದಾರೆ, ಇಲ್ಲ ಅಂತ ನಾನು ಹೇಳಿದರೆ ಮಾವ ನಗುತ್ತಾರೆ. ತೊಂದರೆ ಏನಂದರೆ, ಹೊರಗಿನಿಂದ ನೋಡಿದರೆ ಎಲ್ಲರ ಮೌನವೂ ಒಂದೇ ಥರ ಕಾಣುತ್ತೆ.

ಕಾನೂನು ಈ ವಿಷಯದಲ್ಲಿ ಮಾವನ ಶ್ಲೋಕದ ಕಡೆ ಇಲ್ಲ. ಸಂವಿಧಾನದ 20(3)ನೇ ವಿಧಿ ಪ್ರಕಾರ, ಆರೋಪ ಹೊತ್ತವರನ್ನು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿ ಅಂತ ಬಲವಂತ ಮಾಡುವ ಹಾಗಿಲ್ಲ. ಪೊಲೀಸರು ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು, ಆದರೆ ಉತ್ತರದಿಂದ ತನ್ನ ಮೇಲೇ ಕೇಸು ಬೀಳುವಂಥ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಅದೇ ಮಾತು 180ನೇ ಕಲಮಿನಲ್ಲಿದೆ. ನಂಬರ್ ಬದಲಾಯಿತು, ಅಷ್ಟೇ. (ನಮಗೆ ಲಾಯರುಗಳಿಗೆ ಮಾತ್ರ ಹೊಸ ನಂಬರ್ ಬಾಯಿಪಾಠ ಮಾಡೋ ಶಿಕ್ಷೆ.)

ಇದರ ಮೇಲೆ ದೊಡ್ಡ ಜಗಳ ಆಗಿದ್ದು ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಕೇಸಿನಲ್ಲಿ. 1977ರಲ್ಲಿ ಕಟಕ್‌ನ ವಿಜಿಲೆನ್ಸ್ ಠಾಣೆಗೆ ಕರೆಸಿ, ಪ್ರಶ್ನೆಗಳ ಉದ್ದದ ಪಟ್ಟಿ ಕೈಗೆ ಕೊಟ್ಟರು. ಆಕೆ ಉತ್ತರ ಕೊಡೋದಿಲ್ಲ ಅಂದರು. ಉತ್ತರ ಕೊಡದೇ ಇದ್ದದ್ದೇ ಅಪರಾಧ ಅಂತ ಅವರ ಮೇಲೆ ಇನ್ನೊಂದು ಕೇಸು! ಅದು ಸುಪ್ರೀಂ ಕೋರ್ಟ್ ತನಕ ಹೋಗಿ, 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಬಂತು. ಈ ರಕ್ಷಣೆ ಕೋರ್ಟಿನ ಕಟಕಟೆಯಲ್ಲಿ ಮಾತ್ರ ಅಲ್ಲ, ಪೊಲೀಸ್ ವಿಚಾರಣೆಯಲ್ಲೂ ಇದೆ ಅಂದರು. ಹೆಂಗಸರನ್ನು ಹಾಗೆ ಠಾಣೆಗೆ ಕರೆಸಿದ್ದೂ ತಪ್ಪು ಅಂದರು.

ಅಷ್ಟಾದರೂ ಟಿವಿಯಲ್ಲಿ ದಿನಾ ಕೇಳ್ತೀರಲ್ಲ, "ಆರೋಪಿ ತನಿಖೆಗೆ ಸಹಕರಿಸುತ್ತಿಲ್ಲ" ಅಂತ. ಅದರ ಕನ್ನಡಾರ್ಥ ಎಷ್ಟೋ ಸಲ ಇಷ್ಟೇ: ಒಪ್ಪಿಕೊಳ್ಳುತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಇ.ಡಿ. (ಜಾರಿ ನಿರ್ದೇಶನಾಲಯ) ಕೇಸಿನಲ್ಲಿ, ಕರೆಸಿದವರು ತಪ್ಪು ಒಪ್ಪಿಕೊಳ್ಳಲಿ ಅಂತ ನಿರೀಕ್ಷೆ ಮಾಡೋದು, ಒಪ್ಪದಿದ್ದರೆ ಅದನ್ನು ಅಸಹಕಾರ ಅನ್ನೋದು ನಡೆಯೋದಿಲ್ಲ ಅಂತ ಹೇಳಿತು.

"ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಡೆಯೋದಿಲ್ಲವಂತೆ, ಮತ್ಯಾಕೆ ಹೆದರಿಕೆ?" ಅಂತ ಸ್ವಲ್ಪ ತಿಳಿದವರು ಕೇಳುತ್ತಾರೆ. ಅರ್ಧ ಸರಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಆಗೋದಿಲ್ಲ. ಆದರೆ ಅದಕ್ಕೊಂದು ಕಿಂಡಿ ಇದೆ, ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗ ಹೊಸ ಕಾಯ್ದೆಯ 23ನೇ ಕಲಮಿನ ಒಳಗೆ ಸೇರಿಕೊಂಡಿದೆ. ಕಸ್ಟಡಿಯಲ್ಲಿರುವವನು ಹೇಳಿದ್ದರಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಮಾತಿನಷ್ಟು ಭಾಗ ಒಳಗೆ ಬರುತ್ತೆ. "ಚಾಕುವನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟಿದ್ದೇನೆ" ಅಂದರೆ ಬರುತ್ತೆ, "ಅದರಲ್ಲೇ ಚುಚ್ಚಿದೆ" ಅಂದರೆ ಬರೋದಿಲ್ಲ. ಅದಕ್ಕೇ ನಮ್ಮ ಕಡೆಯ ಚಾರ್ಜ್‌ಶೀಟು ತೆರೆದರೆ ಒಂದು "ಸ್ವಇಚ್ಛಾ ಹೇಳಿಕೆ" ಇದ್ದೇ ಇರುತ್ತೆ. ಆರೋಪಿ ಓದಿದವನಾಗಲಿ, ಹೆಬ್ಬೆಟ್ಟಾಗಲಿ, ಕೊನೆಯಲ್ಲಿ ಅದೇ ಮಾತು: ನನ್ನನ್ನು ಕರೆದುಕೊಂಡು ಹೋದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ. ಇಷ್ಟೊಂದು ಜನ ಒಂದೇ ಥರದ ಗ್ರಾಂಥಿಕ ಕನ್ನಡ ಎಲ್ಲಿ ಕಲಿತರೋ. ನನ್ನ ಕೊನೆಗಾರನ ಹೇಳಿಕೆಯಲ್ಲೂ ಅದೇ ಸಾಲಿದೆ. ಸಿಕ್ಕಿದ್ದು ಪೊದೆಯಲ್ಲಿ ಎರಡು ಖಾಲಿ ಗೋಣಿಚೀಲ.

ಅಮೆರಿಕದ ಪೊಲೀಸರು ವಿಚಾರಣೆಗೆ ಮೊದಲು, ನಿನಗೆ ಸುಮ್ಮನಿರುವ ಹಕ್ಕಿದೆ ಅಂತ ಹೇಳಬೇಕು. 1966ರ ಮಿರಾಂಡಾ ತೀರ್ಪಿನಿಂದ ಬಂದದ್ದು. ಇಂಗ್ಲೆಂಡಿನಲ್ಲೂ ಹೇಳುತ್ತಾರೆ, ಆದರೆ 1994ರ ಕಾಯ್ದೆ ಬಂದ ಮೇಲೆ ಜೊತೆಗೊಂದು ಬೆದರಿಕೆಯೂ ಇದೆ: ಈಗ ಹೇಳದೇ ಇದ್ದದ್ದನ್ನು ಆಮೇಲೆ ಕೋರ್ಟಿನಲ್ಲಿ ಹೇಳಿದರೆ ನಿನಗೇ ಕಷ್ಟ ಆಗಬಹುದು. ನಮ್ಮಲ್ಲಿ ತಪ್ಪೊಪ್ಪಿಗೆ ಬರೆದುಕೊಳ್ಳುವ ಮೊದಲು ಮ್ಯಾಜಿಸ್ಟ್ರೇಟರು ಎಚ್ಚರಿಕೆ ಹೇಳಬೇಕು. ಠಾಣೆಯಲ್ಲಿ ಹೇಳೋರು ಯಾರು? ಅಲ್ಲಿ ಸುಮ್ಮನಿರೋದು ಪುಸ್ತಕದಲ್ಲಿ ಓದಿದಷ್ಟು ಸುಲಭ ಅಲ್ಲ. ಏಟು ಬಿದ್ದಾಗ ಯಾವ ಕಲಮೂ ನೆನಪಾಗೋದಿಲ್ಲ.

ಏಟಿಲ್ಲದೆ ಬಾಯಿ ಬಿಡಿಸೋಕೆ ಒಂದು ಕಾಲದಲ್ಲಿ ಬೆಂಗಳೂರೇ ಹೆಸರುವಾಸಿಯಾಗಿತ್ತು, ಗೊತ್ತಲ್ವಾ? ಇಂಜೆಕ್ಷನ್ ಕೊಟ್ಟು ಮಂಪರಿನಲ್ಲಿ ಮಾತಾಡಿಸೋ ನಾರ್ಕೋ ಪರೀಕ್ಷೆ. ನಕಲಿ ಛಾಪಾ ಕಾಗದ ಹಗರಣದ ಆರೋಪಿ ತೆಲಗಿಯ ಪರೀಕ್ಷೆಯ ವಿಡಿಯೊ ಟಿವಿಯಲ್ಲೇ ಬಂದಿತ್ತು, ಮನೆಮಂದಿಯೆಲ್ಲ ಕೂತು ನೋಡಿದ್ದೆವು. ಕಡೆಗೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ಕೇಸಿನಲ್ಲೇ, 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ನಾರ್ಕೋ, ಬ್ರೇನ್ ಮ್ಯಾಪಿಂಗ್, ಸುಳ್ಳು ಪತ್ತೆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬೆರಳಚ್ಚು, ಕೈಬರಹ, ಧ್ವನಿಯ ಮಾದರಿ ಮಾತ್ರ ಕೊಡಲೇಬೇಕು. ಅವು ಹೇಳಿಕೆ ಅಲ್ಲ ಅನ್ನೋದು ಲೆಕ್ಕ.

ಹಾಗಂತ ಯಾವಾಗಲೂ ಬಾಯಿ ಮುಚ್ಚಿಕೊಂಡೇ ಇರಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಆ ಹೊತ್ತಿಗೆ ನೀವು ಬೇರೆ ಊರಿನ ಹೋಟೆಲಿನಲ್ಲಿದ್ದಿರಿ, ಬಿಲ್ಲಿದೆ ಅಂದರೆ, ಲಾಯರ್ ಮೂಲಕ ಬರವಣಿಗೆಯಲ್ಲಿ ಬೇಗ ಹೇಳಿಬಿಡಿ. ಹೋಟೆಲಿನ ಸಿಸಿಟಿವಿ ಅಳಿಸಿಹೋದ ಮೇಲೆ ಹೇಳಿ ಏನು ಪ್ರಯೋಜನ? ಇನ್ನು ರಾತ್ರಿ ಮನೆಯೊಳಗೆ ಇದ್ದದ್ದು ಗಂಡ ಹೆಂಡತಿ ಇಬ್ಬರೇ, ಬೆಳಿಗ್ಗೆ ಹೆಂಡತಿ ಹೆಣವಾಗಿದ್ದಾಳೆ ಅಂದರೆ, ಪ್ರಾಸಿಕ್ಯೂಷನ್ ಅಷ್ಟನ್ನು ಸಾಬೀತು ಮಾಡಿದ ಮೇಲೆ ಏನಾಯಿತು ಅಂತ ಗಂಡ ಹೇಳಲೇಬೇಕಾಗುತ್ತೆ. ಅಲ್ಲಿ ಕೋರ್ಟು ಮೌನವನ್ನು ಅವನ ವಿರುದ್ಧವೇ ಎಣಿಸುತ್ತೆ.

ಕೊನೆಗಾರನಿಗೆ ಜಾಮೀನು ಸಿಕ್ಕಿತು. ಜೊತೆಗೆ ಆಡಿದ ನಾಲ್ವರಲ್ಲಿ ಒಬ್ಬರೂ ಸಾಕ್ಷಿಗೆ ಬರೋಕೆ ತಯಾರಿಲ್ಲ, ಜೂಜಿನ ಕೇಸು ಬೀಳುತ್ತೆ ಅಂತ ಅವರೂ ಬಾಯಿ ಮುಚ್ಚಿಕೊಂಡಿದ್ದಾರೆ. ಮುಂದಿನ ತಿಂಗಳು ಗೋಣಿಚೀಲದ ಮಹಜರಿನ ಪಂಚರ (ಚೀಲ ಸಿಕ್ಕಿದ್ದನ್ನು ನೋಡಿದೆವು ಅಂತ ಸಹಿ ಹಾಕಿದವರ) ಸಾಕ್ಷಿ ಇದೆ, ಒಬ್ಬರು ಠಾಣೆ ಎದುರಿನ ಟೀ ಅಂಗಡಿಯವರು. ಅವನ ಹೆಂಡತಿಗೆ ಕಳ್ಳತನದ ಆರೋಪಕ್ಕಿಂತ ಇಸ್ಪೀಟಿನ ಮೇಲೇ ಜಾಸ್ತಿ ಸಿಟ್ಟು. ಆಣೆ ಮುರಿದದ್ದಕ್ಕೆ ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕಲೇಬೇಕು ಅಂತ ಹಠ ಹಿಡಿದಳು. ಕೋರ್ಟಿನ ವ್ಯಾಪ್ತಿ ಬಿಟ್ಟು ಹೋಗಬಾರದು ಅಂತ ಜಾಮೀನಿನ ಷರತ್ತಿದ್ದರಿಂದ ಅದಕ್ಕೂ ನಾನು ಅರ್ಜಿ ಹಾಕಬೇಕಾಯಿತು. ಕಾರಣದ ಜಾಗದಲ್ಲಿ "ದೇವರ ದರ್ಶನಕ್ಕಾಗಿ" ಅಂತಷ್ಟೇ ಬರೆದೆ.