ಮಂದದೃಷ್ಟಿಯವರ ಕನ್ನಡ ಟೈಪಿಂಗ್: ಮ್ಯಾಗ್ನಿಫೈಯರ್ ಹಾಕುವ ಮೊದಲು

ಮಂದದೃಷ್ಟಿಯ ನೌಕರರೊಬ್ಬರು ಕೆಲಸಕ್ಕೆ ಸೇರಿದ ಕೂಡಲೇ ಕಚೇರಿಯಲ್ಲಿ ಆಗುವ ಮೊದಲ ಏರ್ಪಾಟು ಒಂದೇ: ಮ್ಯಾಗ್ನಿಫೈಯರ್ ಹಾಕಿ ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸುವುದು. ಆಮೇಲೆ ಅವರಿಗೆ ಕಾಣುವುದು ಪರದೆಯ ಹದಿನಾರರಲ್ಲಿ ಒಂದು ಪಾಲು. ಸಾಲಿನ ಆರಂಭ ಕಂಡರೆ ಕೊನೆ ಕಾಣದು, ಬೆರಳು ಎಲ್ಲಿದೆ ಎಂದು ನೋಡಲು ಕೀಬೋರ್ಡಿಗೆ ಬಗ್ಗಿದರೆ ಕರ್ಸರ್ ಕಳೆದುಹೋಗುತ್ತದೆ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ, ಮುಗಿದದ್ದು ಅರ್ಧ ಪುಟ.

ಇಂಥ ಮೇಜುಗಳನ್ನು ಸಜ್ಜು ಮಾಡುವ, ಟೈಪಿಂಗ್ ಕಲಿಸುವ ಕೆಲಸದಲ್ಲಿರುವವರಿಗೆ ಬೇಗ ಅರ್ಥವಾಗುವ ವಿಷಯವಿದು: ಟೈಪ್ ಮಾಡುವ ಕೆಲಸ ಬೆರಳು ಮತ್ತು ಕಿವಿಗೆ ಸೇರಬೇಕು. ಉಳಿದಿರುವ ದೃಷ್ಟಿಯನ್ನು ತಿದ್ದುವುದಕ್ಕೆ, ಪುಟದ ವಿನ್ಯಾಸ ನೋಡುವುದಕ್ಕೆ ಕಾಯ್ದಿಡಬೇಕು.

ಮೊದಲು ಯಾವ ಬಗೆಯ ಮಂದದೃಷ್ಟಿ ಎಂದು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯಲ್ಲೇ ಎರಡು ದಾರಿಗಳಿವೆ. ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ನೋಟ 6/18ಕ್ಕಿಂತ (ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಮಾತ್ರ ಕಾಣುವುದು) ಕಡಿಮೆ, 3/60ರವರೆಗೆ ಇರುವುದು ಒಂದು. ದೃಷ್ಟಿಕ್ಷೇತ್ರ 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿಯವರೆಗೆ ಇರುವುದು ಇನ್ನೊಂದು. ಮೊದಲನೆಯವರಿಗೆ ಹಿಗ್ಗಿಸುವುದು ನೆರವಾಗುತ್ತದೆ. ಕೊಳವೆಯೊಳಗಿಂದ ನೋಡಿದಂತೆ ಕಾಣುವ ಎರಡನೆಯವರಿಗೆ ಅದೇ ತೊಂದರೆ, ಏಕೆಂದರೆ ಅಕ್ಷರ ಹಿಗ್ಗಿದಷ್ಟೂ ಆ ಕಿಂಡಿಯಲ್ಲಿ ಹಿಡಿಸುವ ಅಕ್ಷರಗಳು ಕಡಿಮೆಯಾಗುತ್ತವೆ. ಅವರಿಗೆ ಸಾಧಾರಣ ಗಾತ್ರದ ಅಕ್ಷರ, ಎದ್ದು ಕಾಣುವ ಕರ್ಸರ್ ಸಾಕು. ಬೆಳಕು ಕುಕ್ಕುವವರಿಗೆ ಗಾತ್ರಕ್ಕಿಂತ ಕಪ್ಪು ಹಿನ್ನೆಲೆ ಮುಖ್ಯ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಹೈ ಕಾಂಟ್ರಾಸ್ಟ್ ಬರುತ್ತದೆ.

ಹಿಗ್ಗಿಸಲೇಬೇಕಾದರೆ ಕಣ್ಣಿಗೂ ಪರದೆಗೂ ಇರುವ ದೂರವನ್ನು ಕಡಿಮೆ ಮಾಡುವುದರಿಂದ ಶುರು ಮಾಡಿ. 50 ಸೆಂಟಿಮೀಟರ್ ದೂರದಲ್ಲಿರುವ ಮಾನಿಟರನ್ನು 25ಕ್ಕೆ ತಂದರೆ ಎಲ್ಲವೂ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಪರದೆಯಿಂದ ಒಂದಕ್ಷರವೂ ಆಚೆ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ಮುಂದಕ್ಕೆ ಎಳೆಯಬಹುದಾದ ಮಾನಿಟರ್ ತೋಳು. ನಲವತ್ತು ದಾಟಿದವರ ಕಣ್ಣು 25 ಸೆಂಟಿಮೀಟರಿಗೆ ತಾನಾಗಿ ಹೊಂದಿಕೊಳ್ಳುವುದು ಕಷ್ಟ. ಆ ದೂರ ಕೇಳುವುದು 4 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ). ಹಾಗಾಗಿ ಕೆಲಸದ ದೂರವನ್ನು ಅಳೆದುಕೊಂಡು ಹೋಗಿ ನೇತ್ರತಜ್ಞರಿಗೆ ಹೇಳಬೇಕು. ಅದಾದ ಮೇಲೆ ಡಿಸ್‌ಪ್ಲೇ ಸ್ಕೇಲಿಂಗ್ ಶೇಕಡಾ 150 ಅಥವಾ 200, ನಂತರ ವರ್ಡ್‌ನ ಜೂಮ್. ಇಷ್ಟಾದರೂ ಸಾಲದಿದ್ದರೆ ಮಾತ್ರ ಮ್ಯಾಗ್ನಿಫೈಯರ್: ವಿಂಡೋಸ್ ಕೀ ಮತ್ತು ಪ್ಲಸ್. ಅದರ ಸೆಟ್ಟಿಂಗ್‌ನಲ್ಲಿ ಹೆಚ್ಚಳದ ಹೆಜ್ಜೆಯನ್ನು ಶೇಕಡಾ 25ಕ್ಕೆ ಇಳಿಸಿ. ಪಠ್ಯದ ಕರ್ಸರ್ ಸದಾ ಪರದೆಯ ನಡುವೆಯೇ ಇರಬೇಕು ಎಂಬ ಆಯ್ಕೆ ಬೇಡ, ಕೀ ಒತ್ತಿದಾಗಲೆಲ್ಲ ಇಡೀ ಪುಟ ಜಾರಿ ತಲೆ ಸುತ್ತುತ್ತದೆ. ಅಂಚಿನೊಳಗೆ ಇದ್ದರೆ ಸಾಕು ಎಂಬ ಆಯ್ಕೆಯೇ ಹಿತ.

ಇಂಗ್ಲಿಷಿಗೆಂದು ಬರೆದ ಸಲಹೆಗಳು ಕನ್ನಡಕ್ಕೆ ಬಂದಾಗ ಎರಡು ಕಡೆ ಎಡವುತ್ತವೆ. ಒಂದು, ಬೋಲ್ಡ್ ಮಾಡಿ ಎನ್ನುವುದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ಗೆರೆ ದಪ್ಪವಾದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದ ಸಾಮಾನ್ಯ ತೂಕವನ್ನೇ ಇಟ್ಟು ಗಾತ್ರ ಹೆಚ್ಚಿಸಿ. ಎರಡು, ಸಾಲಿನ ಅಂತರ. ವರ್ಡ್‌ನಲ್ಲಿ ಅಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಫಾಂಟ್ ಹಿಗ್ಗಿಸಿದಾಗ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್’ ಆರಿಸಿ 1.5 ಕೊಡಿ.

ಈಗ ಕೀಬೋರ್ಡ್. ದೊಡ್ಡಕ್ಷರದ ಸ್ಟಿಕರ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಅವು ಕಣ್ಣನ್ನು ಮತ್ತೆ ಕೀಬೋರ್ಡಿಗೇ ಎಳೆಯುತ್ತವೆ. ಎಫ್ ಮತ್ತು ಜೆ ಮೇಲೆ ಉಬ್ಬುಗೆರೆ ಹೇಗೂ ಇದೆ. ಎಸ್ಕೇಪ್, ಡಿಲೀಟ್ ಎರಡಕ್ಕೆ ಅಂಟುವ ಉಬ್ಬುಚುಕ್ಕಿ ಹಾಕಿದರೆ ಸಾಕು. ಹತ್ತು ಕಡೆ ಹಾಕಿದರೆ ಬೆರಳಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ನುಡಿ ತಂತ್ರಾಂಶದ ಕೀಬೋರ್ಡ್ ವಿನ್ಯಾಸ ಆಗಲೇ ಬೆರಳಿಗೆ ಕೂತಿರುವವರನ್ನು ಬದಲಾಯಿಸಲು ಹೋಗಬೇಡಿ. ಹೊಸದಾಗಿ ಕಲಿಯುವವರಿಗೆ ಭಾರತೀಯ ಭಾಷೆಗಳ ಪ್ರಮಾಣಿತ ಕೀಬೋರ್ಡ್ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಒಳ್ಳೆಯದು, ಅದರ ಜೋಡಣೆಗೆ ಒಂದು ತರ್ಕವಿದೆ. ಎಡಗೈಯ ನೆಲೆಯ ಕೀಗಳಾದ ಎ, ಎಸ್, ಡಿ, ಎಫ್‌ನಲ್ಲಿ ಓಕಾರ, ಏಕಾರ, ವಿರಾಮ (ಒತ್ತಕ್ಷರ ಮೂಡಿಸುವ ‘್’), ಇಕಾರದ ಚಿಹ್ನೆಗಳು. ಬಲಗೈಗೆ ರ, ಕ, ತ, ಚ. ಮಹಾಪ್ರಾಣವೆಂದರೆ ಅದೇ ಕೀ, ಜೊತೆಗೆ ಶಿಫ್ಟ್. ಹೀಗಾಗಿ ಹತ್ತು ಅಕ್ಷರಗಳ ಜಾಗ ಬೇರೆ ಕಲಿಯಬೇಕಿಲ್ಲ. ಶಿಫ್ಟ್ ಜೊತೆ ಎರಡನೇ ಕೀ ಒತ್ತಲು ಕೈ ಬಾರದವರಿಗೆ ಶಿಫ್ಟನ್ನು ಐದು ಸಲ ಒತ್ತಿ ಸ್ಟಿಕಿ ಕೀಸ್ ಚಾಲೂ ಮಾಡಿ.

ಕಿವಿಗೆ ಎನ್‌ವಿಡಿಎ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇದು; ಉಚಿತ, ಮುಕ್ತ ತಂತ್ರಾಂಶ. ಅದರೊಂದಿಗೇ ಬರುವ ಧ್ವನಿ ತಂತ್ರಾಂಶ ಇಸ್ಪೀಕ್‌ನಲ್ಲಿ ಕನ್ನಡದ ಧ್ವನಿಯೂ ಇದೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಮತ್ತು 2 ಒತ್ತಿದರೆ ಅಕ್ಷರ ಓದುವ ಆಯ್ಕೆ ಬದಲಾಗುತ್ತದೆ, 3 ಒತ್ತಿದರೆ ಪದ ಓದುವ ಆಯ್ಕೆ. ಕೀಗಳ ಜಾಗ ಕಲಿಯುವಾಗ ಎರಡೂ ಇರಲಿ. ಬೆರಳು ಪಳಗಿದ ಮೇಲೆ ಅಕ್ಷರ ಓದುವುದನ್ನು ನಿಲ್ಲಿಸಿ, ಪದ ಮಾತ್ರ ಉಳಿಸಿ. ಗುಣಿತಾಕ್ಷರದ ತುಂಡುಗಳನ್ನು ಒಂದೊಂದಾಗಿ ಕೇಳುತ್ತ ಟೈಪ್ ಮಾಡಿದರೆ ವೇಗವೇ ಬರುವುದಿಲ್ಲ. ಪದ ಮುಗಿದು ಸ್ಪೇಸ್ ಒತ್ತಿದಾಗ ಕೇಳಿದರೆ ತಪ್ಪು ತಾನಾಗಿ ಕಿವಿಗೆ ಬೀಳುತ್ತದೆ.

ಅಳಿಸುವಾಗ ಎಚ್ಚರ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು: ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ. ವರ್ಡ್‌ನಲ್ಲಿ ಬ್ಯಾಕ್‌ಸ್ಪೇಸ್ ಒಂದೊಂದನ್ನೇ ಹಿಂದಿನಿಂದ ತೆಗೆಯುತ್ತದೆ, ಡಿಲೀಟ್ ಇಡೀ ಗುಚ್ಛವನ್ನು ಒಮ್ಮೆಗೇ ನುಂಗುತ್ತದೆ. ಬಾಣದ ಕೀ ಒಂದು ತಂತ್ರಾಂಶದಲ್ಲಿ ಗುಚ್ಛವನ್ನು ಹಾರಿದರೆ ಇನ್ನೊಂದರಲ್ಲಿ ನಡುವೆ ನಿಲ್ಲುತ್ತದೆ. ಕಾಣದವರಿಗೆ ಇದು ಗೊಂದಲದ ಗೂಡು. ಆದ್ದರಿಂದ ಒಂದೇ ನಿಯಮ ಕಲಿಸುವುದು ಮೇಲು: ಒತ್ತಕ್ಷರದಲ್ಲಿ ತಪ್ಪಾದರೆ ಕಂಟ್ರೋಲ್ ಮತ್ತು ಬ್ಯಾಕ್‌ಸ್ಪೇಸ್ ಒತ್ತಿ ಪದವನ್ನೇ ಅಳಿಸಿ ಹೊಸದಾಗಿ ಬರೆಯಿರಿ.

ಯಾರ ಕಣ್ಣಿಗೂ ಸಿಗದ ತಪ್ಪೊಂದಿದೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂರುವುದು. ‘ಅಂಕ’ ಮತ್ತು ‘ಅ೦ಕ’ ಮುದ್ರಣದಲ್ಲಿ ಒಂದೇ ಥರ. ಆದರೆ ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಪದವನ್ನು ಒಡೆದು ಓದುತ್ತದೆ. ಇದರ ಪತ್ತೆಯಲ್ಲಿ ಎನ್‌ವಿಡಿಎ ಬಳಸುವವರಿಗೇ ಅನುಕೂಲ ಹೆಚ್ಚು: ಅನುಮಾನದ ಅಕ್ಷರದ ಮೇಲೆ ನಿಂತು ನಂಬರ್‌ಪ್ಯಾಡ್‌ನ 2ನ್ನು ಬೇಗಬೇಗ ಮೂರು ಸಲ ಒತ್ತಿದರೆ ಅದರ ಸಂಕೇತ ಸಂಖ್ಯೆ ಕೇಳುತ್ತದೆ. ಅನುಸ್ವಾರ 3202, ಸೊನ್ನೆ 3302. ಕಡತದ ತುಂಬ ಹೀಗಿದ್ದರೆ ಹುಡುಕಿ ಬದಲಾಯಿಸಿ, ಆದರೆ ಕನ್ನಡ ಅಂಕಿಗಳಿರುವ ಕಡತದಲ್ಲಿ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ. ೧೦೦ ಕೂಡ ಕೆಡುತ್ತದೆ.

ಭಾಷೆ ಬದಲಾಯಿಸುವುದು ವಿಂಡೋಸ್ ಕೀ ಮತ್ತು ಸ್ಪೇಸ್‌ನಿಂದ. ಮೂಲೆಯ ಪುಟ್ಟ ಗುರುತು ಕಾಣದಿದ್ದರೂ ಎನ್‌ವಿಡಿಎ ಹೊಸ ಕೀಬೋರ್ಡಿನ ಹೆಸರು ಹೇಳುತ್ತದೆ. ಅದನ್ನು ಕೇಳಿಸಿಕೊಂಡೇ ಮೊದಲ ಕೀ ಒತ್ತುವ ಅಭ್ಯಾಸ ಮಾಡಿಸಿ.

ಉಳಿದದ್ದು ಹಳೆಯ ಕಡತಗಳು. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಇರುವುದು ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರಗಳು. ಕಣ್ಣಿಗೆ ಚೆಂದ, ಕಿವಿಗೆ ಬರೀ ಅಪಸ್ವರ. ಅಂಥ ಕಡತವನ್ನು ಮಂದದೃಷ್ಟಿಯ ಸಹೋದ್ಯೋಗಿಗೆ ಕಳಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಕೊಡುವುದು ಕಳಿಸುವವರ ಹೊಣೆ. ಪರಿವರ್ತಿಸಿದ ಮೇಲೆ ಎರಡು ಜಾಗ ನೋಡಿ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಆದ್ದರಿಂದ ‘ಕಾರ್ಯ’, ‘ವರ್ಷ’ದಂಥ ಪದಗಳು ಕೆಟ್ಟಿರಬಹುದು. ನಡುನಡುವೆ ಇದ್ದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಕೂಡ ಪರಿವರ್ತನೆಗೆ ಸಿಕ್ಕಿ ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಅವನ್ನು ಕೈಯಿಂದಲೇ ತಿದ್ದಬೇಕು.